ಅವಿತೋ ತಾನೇ ಹಾರುತ್ತಾನಂತೆ

ಕಾಯ್ತಾನ್,

ಎದ್ದ ಕೂಡಲೇ ಇದನ್ನು ಓದು, ಚಹಾ ಆಮೇಲೆ. ಇವತ್ತು ಸಾಂಜಾಂವ್ ಹಬ್ಬಕ್ಕೆ ಎಲ್ಲರೂ ಹೂವಿನ ಕಿರೀಟ ತೊಟ್ಟು ಬಾವಿಗೆ ಹಾರುವಾಗ ನಮ್ಮ ಅವಿತೋನೂ ಹಾರುತ್ತಾನಂತೆ! ನಾನು ಮೀನು ತೊಳೆಯುತ್ತಿದ್ದಾಗ ಬಂದು, "ಅಮ್ಮಾ, ನಂಗೂ ಹೂವಿನ ಕಿರೀಟ ಕಟ್ಟು. ಆದ್ರೆ ಕೈ ಹಿಡೀಬೇಡ" ಅಂದ. ಮೀನಿನ ಕೈಯಲ್ಲೇ ಅಪ್ಪಿಕೊಂಡುಬಿಟ್ಟೆ.

ನಿನ್ನೆ ಏನಂದೆ? "ಅವಳಿ ಮಕ್ಕಳಲ್ಲಿ ಝೇಲಿಯಾ ಹುಲಿ, ಇವನು ಪುಕ್ಕಲ. ಎತ್ತಿ ಎತ್ತಿ ನೀನೇ ಕೆಡಿಸಿದೆ." ಅಲ್ಲ ಮಾರಾಯ! ಅವಳು ಹುಟ್ಟಿದಾಗಿನಿಂದ ಕೈ ಕೊಸರಿಕೊಂಡು ಓಡಿದಳು, ನಾನು ಗದರಲು ಕಲಿತೆ. ಇವನು ಕುತ್ತಿಗೆ ತಬ್ಬಿಕೊಂಡ, ನಾನು ಎತ್ತಿಕೊಂಡೆ. ಇವತ್ತು ಬಿಡು ಅಂದ, ಬಿಡುತ್ತೇನೆ. ನಿನ್ನ ಬೇಕರಿಯಲ್ಲಿ ಪೊಯಿ ರೊಟ್ಟಿಯ ತವುಡಿನ ಹಿಟ್ಟನ್ನೂ ಪಾವಿನ ಮೈದಾವನ್ನೂ ನೀನು ಒಂದೇ ಥರ ನಾದುತ್ತೀಯಾ?

ಇವನ ಅಂಜಿಕೆ ಎಲ್ಲಿಂದ ಬಂತು ಅಂತ ನಿನ್ನ ಅಮ್ಮನನ್ನೇ ಕೇಳಿದೆ. ಮೀಸೆ ಚಿಗುರುವವರೆಗೂ ನೀನು ಹಾರಲು ಹೆದರಿ ಅದೇ ಬಾವಿಯ ಕಂಬ ತಬ್ಬಿಕೊಂಡವನು ಬಿಡುತ್ತಿರಲಿಲ್ಲವಂತೆ! ನಕ್ಕು ನಕ್ಕು ಅವರಿಗೆ ಕೆಮ್ಮು ಬಂತು.

ಝೇಲಿಯಾಳನ್ನು ಹೂ ಕೊಯ್ಯಲು ಕರೆದುಕೊಂಡು ಹೋಗುತ್ತಿದ್ದೇನೆ. ಇಲ್ಲೇ ಇದ್ದರೆ ಅವನನ್ನು ಅಣಕಿಸುತ್ತಾಳೆ. ಸಾರು ಒಲೆಯ ಮೇಲಿದೆ, ಅವನಿಗೆ ಸ್ವಲ್ಪವೇ ಬಡಿಸು. ನೀನು ಫೆನಿ ಕುಡಿಯುವುದು ಬಾವಿಯಿಂದ ಹತ್ತಿ ಬಂದ ಮೇಲೆ ಮಾತ್ರ.

ಮೊದಲು ನೀನು ನೀರಿಗಿಳಿ. ಅವನಿಗೆ ಈಜು ಬರುತ್ತದೆ, ಹೆದರಬೇಡ. ಯಾರೂ ತಳ್ಳದಂತೆ ನೋಡಿಕೋ, ನೀನೂ "ಬಾ ಬಾ" ಅನ್ನಬೇಡ. ಹಾರದೆ ಮೆಟ್ಟಿಲಿಳಿದು ಬಂದರೂ ಅಷ್ಟೇ ಜೋರಾಗಿ "ವೀವಾ ಸಾಂಜಾಂವ್" ಕೂಗು.

ನಾನು ಕಟ್ಟೆಯ ಹತ್ತಿರವೇ ನಿಂತಿರುತ್ತೇನೆ, ಕೈ ಹಿಂದಕ್ಕೆ ಕಟ್ಟಿಕೊಂಡು.

ಎರ್ಮೆಲಿಂದಾ