ದುಂಡಪ್ಪನ ಹತ್ತನೆಯ ಉತ್ತರ

ನೇಸರಗಿ
೨೨ ನವೆಂಬರ್ ೨೦೨೫, ಶನಿವಾರ

ಚಿರಂಜೀವಿ ಅಜಿತನಿಗೆ ಅಪ್ಪನ ಆಶೀರ್ವಾದ.

ಆರೋಗ್ಯ ಹೇಗಿದೆ? ಚಳಿಗೆ ಕಾಲ್ಬೆರಳು ಬಾತಿವೆ ಎಂದು ಬರೆದಿದ್ದೆ. ಬಾವು ಇಳಿಯಿತೋ ಇಲ್ಲವೋ ಮೊದಲು ಅದನ್ನು ತಿಳಿಸು. ನಿನ್ನವ್ವ ಕಳಿಸಿದ ಉಣ್ಣೆಯ ಕಾಲುಚೀಲ ಇಷ್ಟೊತ್ತಿಗೆ ತಲುಪಿರಬೇಕು. ಎರಡು ಜೋಡಿ ಇವೆ. ಒಂದನ್ನು ಗೆಳೆಯರಿಗೆ ಕೊಟ್ಟು ಬರಿಗಾಲಲ್ಲಿ ಕೂಡಬೇಡ ಎಂದು ಆಕೆ ಪಕ್ಕದಲ್ಲೇ ಕುಳಿತು ಬರೆಸುತ್ತಿದ್ದಾಳೆ. ನಾವೆಲ್ಲ ಆರಾಮ. ಹಿಂಗಾರಿ ಜೋಳ ಮೊಣಕಾಲೆತ್ತರ ಬಂದಿದೆ. ನನ್ನ ಎಡಗಣ್ಣಿನ ಪೊರೆ ತೆಗೆಸಿದ ಮೇಲೆ ಪತ್ರಿಕೆಯ ಸಣ್ಣ ಅಕ್ಷರವೂ ಕಾಣುತ್ತದೆ, ಆದರೆ ಫೋನಿನ ಬೆಳಕು ಮಾತ್ರ ಇನ್ನೂ ಚುಚ್ಚುತ್ತದೆ.

ಶೀತಲಳ ಬಿ.ಇಡಿ. ವಿಷಯ ಏನಾಯಿತು ಎಂದು ಕೇಳಿದ್ದೀಯ. ಕಳೆದ ರಜೆಯಲ್ಲಿ ನೀನು ಈ ಮಾತು ತೆಗೆದಾಗ, ಹೊಸ ಸೊಸೆ ದಿನಾ ಬಸ್ಸು ಹತ್ತಿ ಓಡಾಡುವುದು ಬೇಡ ಎಂದವನು ನಾನೇ. ನೀನು ಸುಮ್ಮನಾದೆ, ಅವಳೂ ಸುಮ್ಮನಾದಳು. ಅದನ್ನು ನಾನು ಒಪ್ಪಿಗೆ ಎಂದುಕೊಂಡೆ. ಈಗ ಉತ್ತರ ಕೊಡುವ ಮೊದಲು ಈ ತಿಂಗಳು ನಡೆದದ್ದನ್ನು ಕ್ರಮವಾಗಿ ಹೇಳಬೇಕು.

ನಮ್ಮ ‘ದಿನಕ್ಕೊಂದು ಪ್ರಶ್ನೆ’ ಗುಂಪು ನಿನಗೆ ಗೊತ್ತು. ನವಿಲುತೀರ್ಥದ ನೀರಾವರಿ ಕಚೇರಿಯಲ್ಲಿ ಊಟದ ವೇಳೆ ಪತ್ರಿಕೆ ಹರಡಿಕೊಂಡು ಒಬ್ಬರಿಗೊಬ್ಬರು ಸಾಮಾನ್ಯ ಜ್ಞಾನದ ಪ್ರಶ್ನೆ ಹಾಕುತ್ತಿದ್ದ ನಾವು ಒಂಬತ್ತು ಜನ ನಿವೃತ್ತರಾಗಿ ನಾಲ್ಕು ತಾಲೂಕಿಗೆ ಚದುರಿದ ಮೇಲೆ ಅದೇ ಆಟವನ್ನು ವಾಟ್ಸಾಪಿನಲ್ಲಿ ನಡೆಸಿದ್ದೇವೆ. ಬೆಳಿಗ್ಗೆ ಆರಕ್ಕೆ ಪ್ರಶ್ನೆ, ಸಂಜೆ ಆರಕ್ಕೆ ಉತ್ತರ. ಇಂಟರ್‌ನೆಟ್ಟಿನಲ್ಲಿ ಹುಡುಕುವಂತಿಲ್ಲ, ಉತ್ತರಕ್ಕೆ ಕಾಗದದ ಸಾಕ್ಷಿ ಬೇಕು. ನನ್ನ ಹತ್ತಿರ ಪತ್ರಿಕೆಯ ತುಣುಕು ಅಂಟಿಸಿದ ಮೂವತ್ತೊಂದು ವಹಿಗಳಿರುವುದರಿಂದ ತೀರ್ಪು ಯಾವಾಗಲೂ ನನ್ನದೇ. ನಾನು ಹೇಳಿದ್ದನ್ನು ಆರು ವರ್ಷದಲ್ಲಿ ಯಾರೂ ಮರುಪ್ರಶ್ನೆ ಮಾಡಿರಲಿಲ್ಲ. ಇನ್ನೊಂದು ಪದ್ಧತಿಯೂ ಇದೆ: ಯಾರು ಸತತ ಹತ್ತು ಸರಿ ಉತ್ತರ ಕೊಡುತ್ತಾರೋ ಅವರ ಊರಿಗೆ ಉಳಿದವರೆಲ್ಲ ಬಸ್ಸಿನಲ್ಲಿ ಹೋಗಿ ಶಾಲು ಹೊದಿಸಿ, ಚುರಮರಿ ಮಿರ್ಚಿ ತಿಂದು ಬರಬೇಕು. ಆ ಶಾಲು ಆರು ವರ್ಷದಿಂದ ಸವದತ್ತಿಯ ಶಟ್ಟೆಪ್ಪನ ಟ್ರಂಕಿನಲ್ಲೇ ಇತ್ತು.

ಈ ಸಲ ರಾಮದುರ್ಗದ ದುಂಡಪ್ಪ ಒಂಬತ್ತು ಮುಟ್ಟಿದ. ಹತ್ತನೆಯ ದಿನ ಪ್ರಶ್ನೆ ನನ್ನದು: ಅತಿ ಹೆಚ್ಚು ಚಂದ್ರರಿರುವ ಗ್ರಹ ಯಾವುದು? ದುಂಡಪ್ಪ ಶನಿ ಎಂದ. ನನ್ನ ವಹಿಯಲ್ಲಿ ೨೦೨೩ರ ಫೆಬ್ರುವರಿಯ ತುಣುಕು ಸ್ಪಷ್ಟವಾಗಿತ್ತು: ಗುರುವಿಗೆ ತೊಂಬತ್ತೆರಡು, ಶನಿಗೆ ಎಂಬತ್ತಮೂರು. ಕಣ್ಣಿನ ಆಪರೇಷನ್ ಆದಾಗಿನಿಂದ ನನ್ನ ಪರವಾಗಿ ಫೋನಿನಲ್ಲಿ ಬರೆಯುವವಳು ಶೀತಲ. ದುಂಡಪ್ಪನ ಉತ್ತರ ತಪ್ಪು ಎಂದು ಬರಿ ಎಂದೆ. ಅವಳು ಬರೆಯಲಿಲ್ಲ. ಫೋನು ಕೆಳಗಿಟ್ಟು, ‘ಮಾವಾರ, ದುಂಡಪ್ಪ ಕಾಕಾರದು ಬರೋಬರಿ ಐತ್ರಿ. ಇದನ್ನ ನನ್ನ ಕೈಲೆ ಬರಸಬ್ಯಾಡ್ರಿ’ ಎಂದಳು.

ನನಗೆ ಸಿಟ್ಟು ಬಂತು, ಸುಳ್ಳು ಹೇಳುವುದಿಲ್ಲ. ವಹಿಯನ್ನು ಅವಳ ಮುಂದಿಟ್ಟು ಓದು ಎಂದೆ. ಓದಿದಳು. ಇದು ಆಗಿನ ಲೆಕ್ಕ, ಮೂರೇ ತಿಂಗಳಲ್ಲಿ ಬದಲಾಯಿತು, ತಾನು ಎಲ್ಲೋ ಓದಿದ್ದೇನೆ, ಆದರೆ ಕೈಯಲ್ಲಿ ಕಾಗದವಿಲ್ಲ ಎಂದಳು. ಕಾಗದವಿಲ್ಲದ ಮೇಲೆ ಮಾತೂ ಇಲ್ಲ ಎಂದು ಹೇಳಿ, ಒಂದೇ ಬೆರಳಿನಲ್ಲಿ ಅಕ್ಷರ ಹುಡುಕಿ ಹುಡುಕಿ ನಾನೇ ತೀರ್ಪು ಬರೆದು ಕಳಿಸಿದೆ. ದುಂಡಪ್ಪ ಮರುದಿನದಿಂದ ಮತ್ತೆ ಒಂದರಿಂದ ಲೆಕ್ಕ ಶುರು ಮಾಡಿದ. ಶೀತಲ ಎಂದಿನಂತೆ ಚಹಾ ತಂದಿಟ್ಟಳು, ಫೋನು ಕೊಟ್ಟರೆ ಮಿಕ್ಕದ್ದೆಲ್ಲ ಬರೆದುಕೊಟ್ಟಳು, ಆ ಮಾತು ಮಾತ್ರ ಮತ್ತೆ ಎತ್ತಲಿಲ್ಲ. ಎತ್ತಿದವಳು ನಿನ್ನವ್ವ. ‘ನಿಮ್ಮ ವಹಿಯೊಳಗ ಅಂಟಿಸಿದ್ದಷ್ಟ ಖರೇ ಏನು? ಹುಡುಗಿ ಸುಮ್ಮಸುಮ್ಮನ ಹೇಳಾಕಿ ಅಲ್ಲ’ ಎಂದಳು.

ನಾಲ್ಕನೆಯ ದಿನ ಬೈಲಹೊಂಗಲದ ಗ್ರಂಥಾಲಯಕ್ಕೆ ಹೋದೆ. ಸತ್ಯ ತಿಳಿಯಲು ಹೋದೆ ಎಂದು ಬರೆದರೆ ನನಗೇ ಚೆಂದ, ಆದರೆ ಹೋದದ್ದು ಅವಳದೇ ತಪ್ಪು ಎಂದು ತೋರಿಸಲಿಕ್ಕೆ. ಹಳೆಯ ಪತ್ರಿಕೆಗಳನ್ನು ತಿಂಗಳುವಾರು ಕಟ್ಟಿಟ್ಟಿದ್ದರು. ೨೦೨೩ರ ಮಾರ್ಚ್ ನೋಡಿದೆ, ಏಪ್ರಿಲ್ ನೋಡಿದೆ. ಮೇ ತಿಂಗಳ ಕಟ್ಟಿನಲ್ಲಿ, ಒಳಪುಟದ ಕೆಳಗೆ ನಾಲ್ಕು ಸಾಲಿನ ಸುದ್ದಿಯಿತ್ತು: ಶನಿಗೆ ಹೊಸ ಚಂದ್ರರು ಸಿಕ್ಕು ಮತ್ತೆ ಅದೇ ಮುಂದೆ. ಈ ವರ್ಷದ ಮಾರ್ಚಿನ ಕಟ್ಟಿನಲ್ಲಿ ಇನ್ನೂ ನೂರಾ ಇಪ್ಪತ್ತೆಂಟು ಸೇರಿದ್ದವು. ಈ ಮಾರ್ಚಿನಲ್ಲಿ ನಾನು ಕಣ್ಣು ಕಟ್ಟಿಕೊಂಡು ಮಲಗಿದ್ದೆ, ಆದರೆ ಮೇ ತಿಂಗಳದ್ದು ಹೇಗೆ ತಪ್ಪಿತು? ಬಸ್ಸಿನಲ್ಲಿ ಕುಳಿತಾಗ ನೆನಪಾಯಿತು. ಅದು ವಿಧಾನಸಭೆಯ ಫಲಿತಾಂಶದ ವಾರ. ನಾನು ಮತಗಳ ಪಟ್ಟಿಯನ್ನಷ್ಟೇ ಕತ್ತರಿಸಿಕೊಂಡಿದ್ದೆ, ಉಳಿದ ಪುಟಗಳಲ್ಲಿ ನಿನ್ನವ್ವ ನಿನಗೆ ಜೋಳದ ಕಟಕರೊಟ್ಟಿ ಸುತ್ತಿ ಕೊಟ್ಟಿದ್ದಳು. ನನಗೆ ಬೇಕಾಗಿದ್ದ ಸುದ್ದಿ ನಿನ್ನ ಚೀಲದಲ್ಲಿ ರೈಲು ಹತ್ತಿ ಹೋಗಿತ್ತು.

ಒಳ್ಳೆಯ ಪತ್ರಿಕೆ ತಪ್ಪು ಮಾಡಿದರೆ ತಿದ್ದುಪಡಿ ಹಾಕುತ್ತದೆ. ಮನೆಗೆ ಬಂದವನೇ ಶೀತಲಳನ್ನು ಕರೆದು ಬರೆಸಿದೆ: ‘ತಿದ್ದುಪಡಿ. ದುಂಡಪ್ಪನ ಹತ್ತನೆಯ ಉತ್ತರ ಸರಿ. ತಪ್ಪು ತೀರ್ಪುಗಾರನದು. ಅದನ್ನು ಅಂದೇ ತೋರಿಸಿದವಳು ನಮ್ಮ ಸೊಸೆ ಶೀತಲ, ಬಿ.ಎಸ್ಸಿ.’ ಕೊನೆಯ ಸಾಲು ಬರೆಯದೆ ಕಳಿಸಲು ನೋಡಿದಳು, ನಾನು ಬಿಡಲಿಲ್ಲ. ಮೊದಲ ಉತ್ತರ ಶಟ್ಟೆಪ್ಪನದು: ‘ಸಂಗಪ್ಪ, ನಿನ್ನ ಸರ್ವಿಸಿನಾಗ ನೀ ಒಪ್ಪಿಕೊಂಡ ಮೊದಲನೇ ತಪ್ಪಪ್ಪಾ ಇದು. ಕತ್ತರಿಸಿ ವಹಿಯೊಳಗ ಅಂಟಿಸಿಕೋ.’

ಹೋದ ಭಾನುವಾರ ನಾವೆಲ್ಲ ರಾಮದುರ್ಗಕ್ಕೆ ಹೋದೆವು. ಒಲ್ಲೆ ಎಂದರೂ ಶೀತಲಳನ್ನು ಕರೆದುಕೊಂಡು ಹೋದೆ. ದುಂಡಪ್ಪನಿಗೆ ಶಾಲು ಹೊದಿಸಿದೆವು, ಅವನ ಮನೆಯವರು ಬಾಣಲೆಯಿಂದ ಮಿರ್ಚಿ ತೆಗೆಯುತ್ತಲೇ ಇದ್ದರು. ಫೋಟೋ ಆದ ಮೇಲೆ ಅವನು ಎದ್ದು ಆ ಶಾಲನ್ನು ತೆಗೆದು ಶೀತಲಳ ಹೆಗಲಿಗೆ ಹಾಕಿದ. ‘ನಂದು ಹತ್ತ ಉತ್ತರ, ನಿಂದು ಒಂದ. ಆದರ ತಂಗಿ, ನನಗ ಮಾವನ ಎದುರಿಗೆ ನಿಂತು ಹೇಳೋದಿರಲಿಲ್ಲ’ ಎಂದ. ಒಂಬತ್ತು ಜನ ಮುದುಕರು ಚಪ್ಪಾಳೆ ತಟ್ಟಿದೆವು. ಅಜಿತ, ನಿನ್ನ ಸೈನ್ಯದ ಪರೇಡು ನೋಡಿದ ದಿನ ನನ್ನ ಎದೆ ಉಬ್ಬಿತ್ತು. ಆಮೇಲೆ ಹಾಗಾದದ್ದು ಮೊನ್ನೆಯೇ. ತೀರ್ಪು ಕೊಡುವ ಕೆಲಸವನ್ನು ಎಲ್ಲರೂ ಸೇರಿ ಅವಳಿಗೇ ಒಪ್ಪಿಸಿದರು. ನಿನ್ನೆ ಬೆಳಿಗ್ಗೆ ಮಲಪ್ರಭೆಯ ಉಗಮದ ಬಗ್ಗೆ ನಾನು ಕೊಟ್ಟ ಉತ್ತರಕ್ಕೂ ಕಾಗದ ತೋರಿಸಿರಿ ಎಂದಳು. ಕಣಕುಂಬಿ ಎಂಬುದಕ್ಕೆ ಕಾಗದ ಹುಡುಕುತ್ತ ಅರ್ಧ ದಿನ ಹೋಯಿತು.

ಗೆಳೆಯರಿಗೆ ನಮ್ಮೆಲ್ಲರ ನಮಸ್ಕಾರ ಹೇಳು. ಕಾಲು ಬೆಚ್ಚಗಿಟ್ಟುಕೋ. ನಿನ್ನವ್ವನ ಆಶೀರ್ವಾದ ಕಾಲುಚೀಲದ ಜೊತೆಗೇ ಬಂದಿದೆ ಎಂದು ತಿಳಿ.

ಇಂತಿ ನಿನ್ನ ಅಪ್ಪ,
ಸಂಗಪ್ಪ

ತಾ.ಕ.: ಅಂಚೆಯ ಚೀಲ ಕಟ್ಟುವ ಹೊತ್ತಾಯಿತು, ನೀನು ಕೇಳಿದ್ದಕ್ಕೆ ಉತ್ತರ ಬರೆದೇ ಇಲ್ಲ. ರಜೆಯಲ್ಲಿ ನಾನು ಹೇಳಿದ್ದು ತಪ್ಪು. ಬಿ.ಇಡಿ. ಅರ್ಜಿಯನ್ನು ನಿನ್ನೆ ಸಂಜೆ ನಾನೂ ಅವಳೂ ಕುಳಿತು ತುಂಬಿದೆವು. ಸೀಟು ಸಿಕ್ಕರೆ ದಿನಾ ಬೈಲಹೊಂಗಲದ ಬಸ್ಸು. ಬೆಳಗಿನ ಅಡುಗೆ ನಿನ್ನವ್ವ ಒಪ್ಪಿಕೊಂಡಿದ್ದಾಳೆ, ಹಾಲು ತರುವುದು ನನ್ನ ಪಾಲು. ಅವಳು ಡಿಗ್ರಿ ಮುಗಿಸಿದ್ದು ೨೦೨೩ ಎಂದು ನಾನು ಬರೆಯಹೋದೆ. ‘ಇಪ್ಪತ್ತೆರಡ್ರಿ ಮಾವಾರ’ ಎಂದು ಪೆನ್ನನ್ನು ನನ್ನ ಕೈಯಿಂದ ತೆಗೆದುಕೊಂಡಳು. ಮುಂದಿನದನ್ನೆಲ್ಲ ಅವಳೇ ತುಂಬಿದಳು, ನಾನು ಸಹಿ ಮಾಡಿದೆ.