ನಿಮ್ಮ ಹೆಸರಿನ ಕಪ್ ಗೆದ್ದೆವು

ವಸಂತಕ್ಕಾ,

ನಿಮಗೆ ಕಾಗದ ಬರೆಯುತ್ತಿದ್ದೇನೆ ಎಂದರೆ ನಮ್ಮ ಮನೆಯವರು ನಗುತ್ತಾರೆ. ನಗಲಿ. ಯಾರ ಹತ್ತಿರವಾದರೂ ಹೇಳಿಕೊಳ್ಳಬೇಕು, ಅದೂ ಬೈಯುವವರ ಹತ್ತಿರವೇ ಹೇಳಿಕೊಳ್ಳಬೇಕು. ನಿಮ್ಮಷ್ಟು ಚೆನ್ನಾಗಿ ನನ್ನನ್ನು ಬೈದವರು ಈ ಚೆನ್ನೈಯಲ್ಲಿ ಇನ್ನೊಬ್ಬರಿಲ್ಲ. ನೀವು ಹೋಗಿ ಹದಿನಾಲ್ಕು ತಿಂಗಳಾಯಿತು. ನಿಮ್ಮ ಹೆಸರಿನಲ್ಲಿ ಒಂದು ಥ್ರೋಬಾಲ್ ಕಪ್ ಇಟ್ಟರು. ಅದನ್ನು ನಾವೇ ಗೆದ್ದೆವು. ಗೆದ್ದ ದಿನದಿಂದ ನನಗೆ ನನ್ನನ್ನು ಕಂಡರೆ ಹೇಸಿಗೆ. ವಿಷಯ ಇಷ್ಟೇ, ಆದರೆ ಇಷ್ಟಕ್ಕೇ ನಿಲ್ಲಿಸಿದರೆ ನೀವು ಬಿಡುತ್ತೀರಾ?

ನನ್ನ ಮೊದಲ ಭಾನುವಾರ ನಿಮಗೆ ನೆನಪಿದೆಯಲ್ಲ. ಬ್ಯಾಂಕಿನವರು ತುಮಕೂರಿನಿಂದ ಎತ್ತಿ ಇಲ್ಲಿಗೆ ಹಾಕಿದ್ದರು. ನಲವತ್ತೊಂದು ವಯಸ್ಸು, ತಮಿಳು ಬಾರದು, ಮಾತಾಡುವವರಿಲ್ಲ. ವೆಸ್ಟ್ ಮಾಂಬಲಂನ ಆ ಸ್ಕೂಲ್ ಗ್ರೌಂಡಿನ ಗೇಟಿನಲ್ಲಿ ನಿಂತು, ನಿಮ್ಮಂಥ ಹತ್ತು ಹನ್ನೆರಡು ಹೆಂಗಸರು ಬೆಳಿಗ್ಗೆ ಆರು ಗಂಟೆಗೇ ಚೆಂಡು ಎಸೆದುಕೊಂಡು ಕಿರುಚಾಡುವುದನ್ನು ಬಾಯಿ ಬಿಟ್ಟು ನೋಡುತ್ತಿದ್ದೆ. ಫೋನಿನಲ್ಲಿ ನಾನು ಅಮ್ಮನ ಜೊತೆ ಆಡಿದ ಎರಡು ಕನ್ನಡದ ಮಾತು ನಿಮ್ಮ ಕಿವಿಗೆ ಬಿದ್ದಿರಬೇಕು. "ನಿಂತ್ಕೊಂಡು ನೋಡೋಕೂ ಟಿಕೆಟ್ ಇಲ್ಲ, ಆಡೋಕೂ ಟಿಕೆಟ್ ಇಲ್ಲ. ಚಪ್ಪಲಿ ಬಿಟ್ಟು ಒಳಗೆ ಬಾ," ಎಂದಿರಿ. ಮೂವತ್ತು ವರ್ಷ ರೈಲ್ವೆಯಲ್ಲಿ ಕೆಲಸ ಮಾಡಿದವರ ಬಾಯಲ್ಲಿ ಇನ್ನೇನು ಬಂದೀತು. ಮೊದಲ ಆರು ಚೆಂಡನ್ನೂ ಕೈಬಿಟ್ಟೆ. ಯಾರೂ ಮುಖ ಗಂಟಿಕ್ಕಲಿಲ್ಲ. ಆಟ ಮುಗಿದ ಮೇಲೆ ಸ್ಟೇಷನ್ ಪಕ್ಕದ ಅಂಗಡಿಯಲ್ಲಿ ಕಾಫಿ, ಬೋಂಡಾ, ಒಬ್ಬರ ಅತ್ತೆಯನ್ನು ಇನ್ನೊಬ್ಬರು ಆಡಿಕೊಳ್ಳುವುದು. ಅವತ್ತು ಮನೆಗೆ ಬಂದು ಹೊಟ್ಟೆ ತುಂಬ ಉಂಡು ಮಲಗಿದೆ. ಈ ಊರಿಗೆ ಬಂದ ಮೇಲೆ ಹಾಗೆ ನಿದ್ದೆ ಬಂದದ್ದು ಅದೇ ಮೊದಲು.

ಮಣಲಿ ಏರಿಯಾದ ಟೀಮಿನವರ ಜೊತೆ ಆಡಿದ ಆ ಪಂದ್ಯವನ್ನಂತೂ ನಾನು ಸಾಯುವವರೆಗೆ ಮರೆಯುವುದಿಲ್ಲ. ನಿಮ್ಮ ಕಟ್ಟಳೆ ಒಂದಿತ್ತು. ಏಳು ಜನ ಒಳಗೆ, ಉಳಿದವರು ಬೆಂಚಿನ ಮೇಲೆ. ಯಾವ ಕಡೆಯವರಾದರೂ ಐದು ಪಾಯಿಂಟಿಗೆ, ಹತ್ತು ಪಾಯಿಂಟಿಗೆ ಬಂದ ಕೂಡಲೇ ಕೊನೆಯ ಸರ್ವ್ ಮಾಡಿದವಳು ಹೊರಗೆ, ಬೆಂಚಿನ ಮೇಲಿದ್ದವಳು ಒಳಗೆ. ಸೋಲುತ್ತಿರಲಿ ಗೆಲ್ಲುತ್ತಿರಲಿ, ಪಾಳಿ ಎಂದರೆ ಪಾಳಿ. ಅವತ್ತು ಹತ್ತು-ಒಂಬತ್ತರಲ್ಲಿ ನಿಮ್ಮ ಪಾಳಿ ಬಂತು. ಅಷ್ಟು ಹೊತ್ತೂ ಗೆಲ್ಲಿಸುತ್ತಿದ್ದವರು ನೀವೇ. ಹೊರಗೆ ಹೋಗಿ ನನ್ನನ್ನು ಒಳಗೆ ಕಳಿಸಿದಿರಿ. ಸೋತೆವು, ನನ್ನಿಂದಲೇ ಸೋತೆವು. ನಾನು ಅತ್ತದ್ದಕ್ಕೆ, ಅಳೋದಿದ್ರೆ ಮನೇಲಿ ಅಳು, ಇಲ್ಲಿ ಬೋಂಡಾ ಆರಿ ಹೋಗ್ತಿದೆ ಎಂದಿರಿ. ಆಮೇಲೆ ನನ್ನನ್ನೇ ನಿಮ್ಮ ನಂತರದ ಕ್ಯಾಪ್ಟನ್ ಮಾಡಿದಿರಿ. ಯಾಕೆ ಮಾಡಿದಿರೋ ದೇವರಿಗೇ ಗೊತ್ತು.

ಕಪ್ಪಿನ ಮೊದಲ ಮೀಟಿಂಗಿಗೆ ಹೋದ ದಿನವೇ ನಾನು ಎದ್ದು ಬರಬೇಕಿತ್ತು. ಈಗ ಇದು ಭಾನುವಾರದ ಆಟವಲ್ಲ ಅಕ್ಕ, ಲೀಗು. ಮೂವತ್ತೈದು ದಾಟಿದ ಹೆಂಗಸರ ಲೀಗು. ಎಂಟು ಟೀಮು, ಎಂಟು ಬಣ್ಣದ ಟೀ ಶರ್ಟು, ಬೆನ್ನ ಮೇಲೆ ಯಾರೋ ಬಿಲ್ಡರನ ಹೆಸರು. ಗಂಡಂದಿರು ಗೆರೆಯ ಆಚೆ ನಿಂತು ಹೆಂಡತಿಯರನ್ನು ಗದರುತ್ತಾರೆ, ಮನೆಯಲ್ಲಿ ಗದರಿದ್ದು ಸಾಲದು ಎನ್ನುವ ಹಾಗೆ. ಬೆಳಿಗ್ಗೆ ಏಳಕ್ಕೇ ಕಿವಿ ಹರಿಯುವ ಹಾಡು. ಒಂದು ಪಾಯಿಂಟಿಗೆ ಅಂಪೈರಿನ ಹತ್ತಿರ ಹತ್ತು ನಿಮಿಷ ಜಗಳ. ಫ್ಲೆಕ್ಸಿನಲ್ಲಿ ನಿಮ್ಮ ಫೋಟೋ ನೋಡಿದರೆ ನೀವೇ ಗುರುತು ಹಿಡಿಯುತ್ತಿರಲಿಲ್ಲ. ಮುಖ ಬೆಳ್ಳಗೆ ಮಾಡಿ, ತುಟಿಗೆ ಬಣ್ಣ ಬಳಿದು, ಮೂಗುಬೊಟ್ಟನ್ನೇ ಅಳಿಸಿ ಹಾಕಿದ್ದಾರೆ. ನಿಮ್ಮನ್ನು ಒಂದು ದಿನವೂ ಕಂಡಿರದ ಮನುಷ್ಯನೊಬ್ಬ ಮೈಕ್ ಹಿಡಿದು ನೀವು ಎಲ್ಲರ ತಾಯಿ ಎಂದ. ಥೂ, ಅವನ ನಾಲಿಗೆಗಿಷ್ಟು! ಆದರೂ ನಾನು ಚಪ್ಪಾಳೆ ತಟ್ಟಿದೆ.

ನಿಮ್ಮ ಮಗಳು ಅನು ಗ್ರೌಂಡಿಗೆ ಬಂದ ದಿನ ನೀವು ಇರಬೇಕಿತ್ತು. ಎಷ್ಟು ವರ್ಷ ಕರೆದಿರಿ ಅವಳನ್ನು? ನೀವು ಕನ್ನಡದಲ್ಲಿ ಕರೆಯುವುದು, ಅವಳು ತಮಿಳಿನಲ್ಲಿ ಒಲ್ಲೆ ಎನ್ನುವುದು. ಅಂಬತ್ತೂರಿನ ಆಫೀಸು, ಭಾನುವಾರ ಒಂದು ದಿನ ನಿದ್ದೆ ಎಂದು ನೀವೇ ಅವಳ ಪರ ವಹಿಸಿಕೊಳ್ಳುತ್ತಿದ್ದಿರಿ. ನೀವು ಹೋದ ಮೂರನೇ ತಿಂಗಳು ಒಂದು ಭಾನುವಾರ ಬಂದು, ಗೇಟಿನ ಹತ್ತಿರ ನಿಂತಳು. ನೀವು ನನ್ನನ್ನು ಕರೆದ ಹಾಗೆ ನಾನು ಅವಳನ್ನು ಕರೆಯಬೇಕಿತ್ತಲ್ಲವೇ? ಕರೆಯಲಿಲ್ಲ. ಅವಳೇ ಹತ್ತಿರ ಬಂದು, ತಾನೂ ಸೇರಬಹುದಾ ಎಂದು ತಮಿಳಿನಲ್ಲಿ ಕೇಳಿದಳು. ಮೂವತ್ತಾರು ವರ್ಷದವಳು ಚೆಂಡು ಬಂದರೆ ಕಣ್ಣು ಮುಚ್ಚಿಕೊಳ್ಳುತ್ತಾಳೆ. ಹತ್ತರಲ್ಲಿ ಎಂಟು ಬಿಡುತ್ತಾಳೆ. ಆದರೆ ಒಂದು ಭಾನುವಾರ ತಪ್ಪಿಸಲಿಲ್ಲ, ಎಲ್ಲರಿಗಿಂತ ಮೊದಲು ಬಂದು ನೆಟ್ ಕಟ್ಟುವವಳು ಅವಳೇ. ಪಾಳಿ ಬಂದಾಗ ಒಳಗೆ ಬರುತ್ತಿದ್ದಳು, ಬಿಡುತ್ತಿದ್ದಳು, ಪಾಳಿ ಮುಗಿದರೆ ಹೋಗಿ ಕೂರುತ್ತಿದ್ದಳು. ಮಾತು ಕಡಿಮೆ.

ಪಂದ್ಯಗಳಿಗೆ ಎರಡು ವಾರವಿದ್ದಾಗ ಅಂಬತ್ತೂರು ಟೀಮಿನ ಕ್ಯಾಪ್ಟನ್ ಎಲ್ಲ ಟೀಮುಗಳ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಮೆಸೇಜ್ ಹಾಕಿದಳು. ವಸಂತಾ ಮೇಡಂ ಕಪ್ ನಮ್ಮ ಅಪಾರ್ಟ್‌ಮೆಂಟಿನ ಹಾಲಿಗೆ ಬರುತ್ತದೆ, ಗಾಜಿನ ಬೀರು ರೆಡಿ ಇದೆ ಅಂತ. ನನಗೆ ಮೈಯೆಲ್ಲ ಉರಿದುಹೋಯಿತು. ನಿಮ್ಮ ಹೆಸರಿನ ಕಪ್ ಅವರ ಬೀರುವಿನಲ್ಲಿ? ನಾನು ಬದುಕಿರುವಾಗ? ಕಾಲೇಜಿನ ಕಾಲದಲ್ಲಿ ಯೂನಿವರ್ಸಿಟಿಗೆ ಆಡಿದ್ದ ಇಬ್ಬರನ್ನು ತಾಂಬರಂನಿಂದ ಹಿಡಿದು ತಂದೆ. ಆಡುವವರು ನಮ್ಮ ಏರಿಯಾದಲ್ಲೇ ಇರಬೇಕೆಂಬ ನಿಯಮವಿತ್ತು. ಅವರು ನಮ್ಮ ಮನೆಯ ಮೇಲಿನ ಬಾಡಿಗೆಯವರು ಎಂದು ಬರೆದು ಸಹಿ ಹಾಕಿದೆ. ನಮ್ಮ ಮನೆಯ ಮೇಲೆ ಇರುವುದು ನೀರಿನ ಟ್ಯಾಂಕ್ ಎಂದು ನಿಮಗೆ ಗೊತ್ತಲ್ಲ. ಅಷ್ಟಕ್ಕೇ ನಿಲ್ಲಲಿಲ್ಲ. ಈ ಒಂದು ಕಪ್ಪಿಗೆ ಮಾತ್ರ ಪಾಳಿ ಬೇಡ, ಅಕ್ಕನ ಹೆಸರು ಉಳಿಯಬೇಕು ಎಂದು ನಮ್ಮ ಟೀಮಿನವರಿಗೆ ಬರೆದೆ. ಒಬ್ಬರಾದರೂ ತಕರಾರು ಎತ್ತಬಾರದಾ? ಎಲ್ಲರಿಗಿಂತ ಮೊದಲು ಹೆಬ್ಬೆರಳಿನ ಚಿತ್ರ ಒತ್ತಿ ಸರಿ ಎಂದದ್ದು ಅನು.

ಫೈನಲ್ಲಿನ ಮೂರನೇ ಸೆಟ್ಟಿನಲ್ಲಿ ನಾವು ಹದಿನಾಲ್ಕು, ಅಂಬತ್ತೂರಿನವರು ಆರು. ಇನ್ನೊಂದೇ ಪಾಯಿಂಟು. ಸಣ್ಣ ಮಗುವನ್ನು ನಿಲ್ಲಿಸಿದ್ದರೂ ಗೆಲ್ಲುತ್ತಿದ್ದೆವು. ಅನು ಬೆಂಚಿನಿಂದ ಎದ್ದಳು. ಕೂದಲು ಬಿಗಿಯಾಗಿ ಕಟ್ಟಿಕೊಂಡು, ಗೆರೆಯ ಹತ್ತಿರ ಬಂದು ನನ್ನ ಮುಖ ನೋಡಿದಳು. ಆ ಇಡೀ ದಿನ, ನಾಲ್ಕು ಪಂದ್ಯ, ಅವಳನ್ನು ಒಂದು ನಿಮಿಷವೂ ಆಟಕ್ಕೆ ಇಳಿಸಿರಲಿಲ್ಲ. ಅವಳ ಅಮ್ಮನ ಹೆಸರಿನ ಕಪ್, ವಸಂತಕ್ಕ. ನಾನು ಏನು ಮಾಡಿದೆ ಎಂದು ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯುತ್ತೇನೆ.

"ಅನು, ಹಾಗೇ ನೀರಿನ ಬಾಟ್ಲಿ ಈ ಕಡೆ ಕೊಡಮ್ಮ," ಎಂದೆ.

ಅವಳು ಕೊಟ್ಟಳು. ಹೋಗಿ ಕೂತಳು.

ಬಹುಮಾನ ಕೊಡುವಾಗ ಆ ಮೈಕಿನ ಮನುಷ್ಯ, ದಿವಂಗತರ ಕುಟುಂಬದವರು ದಯವಿಟ್ಟು ವೇದಿಕೆಗೆ ಬರಬೇಕು ಎಂದು ಕೂಗಿದ. ಅನು ಬೆಂಚಿನಿಂದಲೇ ಎದ್ದು ಬಂದಳು. ನಮ್ಮದೇ ಟೀಮಿನ ಟೀ ಶರ್ಟು ಮೈಮೇಲಿದೆ, ಅದರ ಮೇಲೆ ಬೆವರಿನ ಒಂದು ಹನಿ ಇಲ್ಲ. ಅದು ಅವನ ಕಣ್ಣಿಗೂ ಬೀಳಲಿಲ್ಲ, ಶಾಲು ಹೊದಿಸಿದವರ ಕಣ್ಣಿಗೂ ಬೀಳಲಿಲ್ಲ. ಅವಳ ಕೈಗೆ ಕಪ್ ಕೊಟ್ಟು, ಗೆದ್ದ ಕ್ಯಾಪ್ಟನ್‌ಗೆ ಕೊಡಿ ಎಂದರು. ಕೊಟ್ಟಳು. "ಕಂಗ್ರಾಟ್ಸ್ ಆಂಟಿ," ಎಂದಳು. ನಾನು ಹಲ್ಲು ಕಿರಿದೆ. ಫೋಟೋ ಇದೆ, ಫೋನಿನಲ್ಲಿ ಎಲ್ಲರ ಹತ್ತಿರವೂ ಇದೆ. ಅಷ್ಟು ಅಸಹ್ಯವಾದ ಮುಖವನ್ನು ನಾನು ಬೇರೆ ಯಾರಲ್ಲೂ ನೋಡಿಲ್ಲ.

ಆಮೇಲೆ ಎರಡು ಭಾನುವಾರ ಅನು ಬರಲಿಲ್ಲ. ನೆಟ್ ಕಟ್ಟಲು ನಮಗೆ ಯಾರಿಗೂ ಸರಿಯಾಗಿ ಬರಲಿಲ್ಲ, ಜೋತು ಬಿದ್ದುಕೊಂಡೇ ಇತ್ತು. ಮೂರನೇ ವಾರ ಕಪ್ಪನ್ನು ಬಟ್ಟೆಯ ಚೀಲದಲ್ಲಿ ಹಾಕಿಕೊಂಡು ಲೀಗಿನವರ ಹತ್ತಿರ ಹೋದೆ. ಸುಳ್ಳು ಬರೆದುಕೊಟ್ಟಿದ್ದೆ, ತಗೊಳ್ಳಿ ಎಂದೆ. ಅವರು ಗಾಬರಿಯಾದದ್ದು ಸುಳ್ಳಿಗಲ್ಲ, ಫೋಟೋ ಆಗಲೇ ಎಲ್ಲ ಕಡೆ ಹಾಕಿಯಾಗಿದೆಯಲ್ಲ, ಈಗ ಹೇಗೆ ಮೇಡಂ ಎಂದು! ನಾನೇ ಹೊತ್ತುಕೊಂಡು ಹೋಗಿ ಅಂಬತ್ತೂರಿನವಳಿಗೆ ಕೊಟ್ಟೆ. ಅವಳು ಕಾಫಿ ಕೊಟ್ಟು, ಬೇಜಾರು ಮಾಡ್ಕೋಬೇಡಿ, ನಮ್ಮಲ್ಲೂ ಮೂರು ಜನ ಹೊರಗಿನವರೇ ಇದ್ದರು ಎಂದಳು. ನಗುತ್ತಾ ಹೇಳಿದಳು ಅಕ್ಕ. ಗಾಜಿನ ಬೀರುವಿನ ಬಾಗಿಲು ತೆಗೆದು ನಿಮ್ಮ ಹೆಸರನ್ನು ಒಳಗಿಟ್ಟು ಬೀಗ ಹಾಕಿದಳು. ಇವರ ಜೊತೆ ಪೈಪೋಟಿಗೆ ಬಿದ್ದು ನಾನು...

ನಿಮ್ಮ ಮನೆಗೆ ಹೋದಾಗ ಅನು ಬಟ್ಟೆ ಒಣಗಿಸುತ್ತಿದ್ದಳು. ಕೂರಿ ಎಂದಳು. ತಪ್ಪಾಯಿತು ಎನ್ನುವುದನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದೆ, ತಮಿಳಿನಲ್ಲಿ. ಅರ್ಧ ಹೇಳುವಷ್ಟರಲ್ಲಿ ಅವಳು ತಡೆದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಆಡಲು ಬರುವುದಿಲ್ಲ ಎಂದೇ ನಾನು ಇಷ್ಟು ವರ್ಷ ತಿಳಿದಿದ್ದೆ. ನಿಧಾನಕ್ಕೆ, ಒಂದೊಂದೇ ಮಾತು ಹುಡುಕಿ ಹುಡುಕಿ, ನಿಮ್ಮ ಮೈಸೂರಿನ ಕನ್ನಡದಲ್ಲೇ ಹೇಳಿದಳು.

"ಅಮ್ಮ ಮನೇಲಿ ಅಷ್ಟು ನಗ್ತಾ ಇರ್ಲಿಲ್ಲ ಆಂಟಿ. ಅಲ್ಲಿ ಅವರಿಗೆ ಏನು ಸಿಗ್ತಿತ್ತು ಅಂತ ನೋಡೋಕೆ ಬಂದೆ. ಬೆಂಚ್ ಮೇಲಿಂದ ಅದು ಕಾಣ್ಸಲ್ಲ. ಸಾರಿ ಎಲ್ಲ ಬೇಡ, ನನ್ನನ್ನ ಆಡ್ಸಿ."

ನನಗೆ ಅಲ್ಲಿ ಕೂರಲು ಆಗಲಿಲ್ಲ. ಒಣಹಾಕುವ ಬಟ್ಟೆ ಇನ್ನೂ ಬಕೆಟಿನಲ್ಲಿತ್ತು. ಅವಳ ಜೊತೆ ನಿಂತು ಎಲ್ಲವನ್ನೂ ಹಿಂಡಿ ಹಾಕಿದೆ. 

ಹೋದ ಭಾನುವಾರದ ಸುದ್ದಿ ಹೇಳಿ ಮುಗಿಸುತ್ತೇನೆ. ಲೀಗಿನವರು ನಮ್ಮನ್ನು ಎರಡು ವರ್ಷ ಹೊರಗಿಟ್ಟಿದ್ದಾರೆ. ಕಪ್ ವಾಪಸು ಕೊಟ್ಟದ್ದಕ್ಕೆ ನಮ್ಮವರಲ್ಲಿ ಐದು ಜನ ನನ್ನ ಮುಖಕ್ಕೆ ಉಗಿದು, ಬೇರೆ ಟೀಮು ಸೇರಿಕೊಂಡರು. ನೀವು ಸಾಕಿ ಬೆಳೆಸಿದವರೇ. ತಾಂಬರಂನ ಇಬ್ಬರು ಕರೆದರೂ ಬರುವುದಿಲ್ಲ. ಆರು ಗಂಟೆಗೆ ಗ್ರೌಂಡಿಗೆ ಹೋಗಿ ತಲೆ ಎಣಿಸಿದೆ. ನನ್ನನ್ನೂ ಸೇರಿಸಿ ಆರು. ಮೊಣಕಾಲು ನೋವಿನವರು, ಸಕ್ಕರೆ ಕಾಯಿಲೆಯವರು, ಒಬ್ಬರಿಗಂತೂ ಮೊನ್ನೆಯಷ್ಟೇ ಕಣ್ಣಿನ ಪೊರೆ ತೆಗೆದಿದ್ದಾರೆ. ಆರು ಜನಕ್ಕೆ ಏನು ಆಟ, ಕಾಫಿಗಾದರೂ ಹೋಗೋಣ ಎಂದು ಎಲ್ಲರೂ ಬ್ಯಾಗ್ ಎತ್ತಿಕೊಂಡಿದ್ದೆವು. ಆಗ ಗೇಟಿನಿಂದ ಅನು ಬಂದಳು.

ಅವತ್ತು ಆಡಲು ಬಂದಿದ್ದ ಮಣಲಿಯವರ ಜೊತೆ ಎರಡು ಸೆಟ್ ಆಡಿ, ಎರಡನ್ನೂ ಸೋತೆವು. ಅವಳು ಕೈಬಿಟ್ಟ ಚೆಂಡುಗಳ ಲೆಕ್ಕ ನನಗೆ ಬೇಡ. ಬೆಂಚಿನ ಮೇಲೆ ಯಾರೂ ಇರಲಿಲ್ಲ, ನಮ್ಮ ಬ್ಯಾಗುಗಳು ಮಾತ್ರ ಇದ್ದವು. ವಸಂತಕ್ಕ, ನಾವೀಗ ಸರಿಯಾಗಿ ಏಳೇ ಜನ. ನಿಮ್ಮ ಮಗಳು ಬಾರದಿದ್ದರೆ ಭಾನುವಾರ ಆಟವೇ ಇಲ್ಲ.

ನಿಮ್ಮ
ರತ್ನಾ