ಮೊದಲ ಹೆಜ್ಜೆಗೆ ದನಿಯಿಲ್ಲ

ಜನವರಿ 12, ಭಾನುವಾರ, ಬೆಳಿಗ್ಗೆ 7

ಗಿಟಾರಿನ ಮೂರನೇ ತಂತಿ ಮತ್ತೆ ಹೋಯಿತು. ಈ ತಿಂಗಳಲ್ಲಿ ಎರಡನೆಯ ಸಲ. ಸಮುದ್ರದ ಗಾಳಿಗೆ ತಂತಿ ಬೇಗ ತುಕ್ಕು ಹಿಡಿಯುತ್ತದೆ, ಅವಸರದಲ್ಲಿದ್ದರೆ ಇನ್ನೂ ಬೇಗ. ಪಾವ್ ಮಾರುವವನ ಸೈಕಲ್ ಹಾರ್ನ್ ಕೇಳುವಷ್ಟರಲ್ಲಿ ಹೊಸದು ಹಾಕಿ ಆಗಿತ್ತು.

ಆಲ್ಬಮ್ಮಿನ ಏಳು ಟ್ರ್ಯಾಕ್ ಮುಗಿದವು. ಇನ್ನೆರಡು. ಒಂಬತ್ತೂ ಹೆಜ್ಜೆಮೇಳದ ಕುಣಿತದ ಧಾಟಿಗಳು. ಅಪ್ಪ ಮುದ್ದೇಬಿಹಾಳದ ಕಡೆಯಿಂದ ಕಟ್ಟಡದ ಸೆಂಟ್ರಿಂಗ್ ಕೆಲಸಕ್ಕೆ ಗೋವಾಕ್ಕೆ ಬಂದಾಗ ಟ್ರಂಕಿನ ಜೊತೆ ತಂದದ್ದು. ಮಾತಿಲ್ಲ, ಬರೀ ಗಿಟಾರ್. ಅವ್ವನಿಗೆ ಅದೇ ಚಿಂತೆ.

“ಹಾಡೋರು ಇಲ್ಲದ ಹಾಡು ಯಾರ್ ಕೇಳ್ತಾರ, ಜಯಾ?”

ಕೇಳುತ್ತಾರೆ. ಕೇಳದಿದ್ದರೆ ಕೇಳುವ ಹಾಗೆ ನುಡಿಸುತ್ತೇನೆ.

ಕವರಿನ ಮೇಲೆ ಒಂದು ಸಾಲು ಬೇಕೇ ಬೇಕು — ‘ಪರಮಣ್ಣನ ಮೇಳದ ಹೆಜ್ಜೆಗಳು’. ಹೆಸರು ಅಪ್ಪನದು, ಅವನು ಇನ್ನೂ ಹೂಂ ಅಂದಿಲ್ಲ. “ಪೂರಾ ಆಗ್ಲಿ. ಕೇಳಿ ಹೇಳ್ತೀನಿ” ಅಂದಿದ್ದಾನೆ. ಅವನು ಹೂಂ ಅನ್ನದೆ ಆಲ್ಬಮ್ ಹೊರಗೆ ಬಿಡುವುದಿಲ್ಲ. ಬರೆದಿಟ್ಟಿದ್ದೇನೆ, ಇನ್ನು ಮಾತು ಬದಲಿಸುವ ಹಾಗಿಲ್ಲ.

ಜನವರಿ 14

ಸಂಕ್ರಾಂತಿ. ನಾನು ನುಡಿಸುವ ಹೋಟೆಲಿನ ಲಾಬಿಯಲ್ಲಿ ಸಂಜೆ ಎರಡು ತಾಸು ಅದೇ ಹತ್ತು ಹಾಡು. ಗೆಸ್ಟುಗಳು ಊಟ ಮಾಡುತ್ತಾರೆ, ನಾನು ನುಡಿಸುತ್ತೇನೆ, ಯಾರಿಗೂ ಯಾರೂ ಬೇಕಾಗಿಲ್ಲ. ನಡುವೆ ಒಂದು ಹೆಜ್ಜೆ ಧಾಟಿ ಸೇರಿಸಿದೆ. ಒಂದು ಟೇಬಲ್ಲಿನ ಅಜ್ಜಿ ಚಮಚ ಕೆಳಗಿಟ್ಟು ನೋಡಿದಳು. ಅಷ್ಟೇ ಸಾಕಾಯಿತು.

ಈ ಧಾಟಿಗಳನ್ನು ನನಗೆ ಯಾರೂ ಕಲಿಸಿಲ್ಲ. ನಮ್ಮ ಲೇಬರ್ ರೂಮುಗಳ ಹಿಂದೆ ಖಾಲಿ ಜಾಗವಿತ್ತು. ಭಾನುವಾರ ಸಂಜೆ ಅಲ್ಲಿ ಹನ್ನೆರಡು ಗಂಡಸರು ದುಂಡಾಗಿ ನಿಲ್ಲುತ್ತಿದ್ದರು. ಬಲಗಾಲಿಗೆ ಗೆಜ್ಜೆ, ಕೈಯಲ್ಲಿ ಕರವಸ್ತ್ರ, ಎಲ್ಲರ ಮುಂದೆ ಅಪ್ಪ. ನಾನು ಉಸುಕಿನ ರಾಶಿಯ ಮೇಲೆ ಕೂತು ಕೇಳುತ್ತಿದ್ದೆ. ಹನ್ನೊಂದು ವರ್ಷದವಳಿದ್ದಾಗ ಒಮ್ಮೆ ಎದ್ದು ಹೋಗಿ ದುಂಡಿನಲ್ಲಿ ನಿಂತೆ. ಮೇಳದ ಗೋಪಪ್ಪ ಕಾಕಾ ರಟ್ಟೆ ಹಿಡಿದು ವಾಪಸ್ ಉಸುಕಿನ ಮೇಲೆ ಕೂರಿಸಿ ಬಂದರು. ಸಿಟ್ಟು ಇನ್ನೂ ಇದೆ. ಸ್ವಲ್ಪ.

ಆ ಜಾಗದಲ್ಲಿ ಈಗ ಆರು ಮಹಡಿ. ಅದರ ಸೆಂಟ್ರಿಂಗ್ ಕಟ್ಟಿದವನೂ ಅಪ್ಪನೇ. ಅಲ್ಲಿಯೇ ಬಿದ್ದು ಮಂಡಿ ಹೋಯಿತು. ಅಂದಿನಿಂದ ಕುಣಿದಿಲ್ಲ.

ಜನವರಿ 25, ಶನಿವಾರ

ಒಂಬತ್ತೂ ಮುಗಿದವು. ರೆಕಾರ್ಡಿಂಗ್ ಮಾಡುವ ನವೀದ ಹೆಡ್‌ಫೋನ್ ತೆಗೆದು ನನ್ನ ಕೈ ಕುಲುಕಿದ. ಅವನ ಸ್ಟುಡಿಯೋ ಅಂದರೆ ಅವರ ಮನೆಯ ಹಿಂದಿನ ಕೋಣೆ, ಗೋಡೆಗೆಲ್ಲ ಫೋಮು. ಹುಡುಗನ ಕಿವಿ ಮಾತ್ರ ಬಂಗಾರ.

“ಫಸ್ಟ್ ಕ್ಲಾಸ್, ಅಕ್ಕಾ. ಒಂದ್ ಬೀಟ್ ಆಚೀಚಿ ಇಲ್ಲ.”

ಇಲ್ಲ. ನಾನೂ ನೋಡಿದೆ. ನಾಳೆ ಅಪ್ಪನಿಗೆ ಕೇಳಿಸಬೇಕು.

ಜನವರಿ 26, ಭಾನುವಾರ

ಬರೆಯಲು ಮನಸ್ಸಿಲ್ಲ. ಬರೆಯುತ್ತೇನೆ.

ಸೈಟಿಗೆ ರಜೆ. ಗೋಪಪ್ಪ ಕಾಕಾ ಬಂದರು, ಅಬ್ದುಲಗನಿ ಚಾಚಾ ಬಂದರು. ಹನ್ನೆರಡು ಜನರ ಮೇಳದಲ್ಲಿ ಅಪ್ಪನನ್ನು ಬಿಟ್ಟರೆ ಇಲ್ಲಿ, ಪರ್ವರಿಯಲ್ಲಿ ಉಳಿದವರು ಇವರಿಬ್ಬರೇ. ಮಿಕ್ಕವರು ಊರಿಗೋ ಮೇಲಿನ ಲೋಕಕ್ಕೋ ಹೋದರು. ಅಂಗಳದಲ್ಲಿ ಸ್ಪೀಕರ್ ಇಟ್ಟೆ. ಅಪ್ಪ ಬಕೆಟ್ ಬೋರಲು ಹಾಕಿ ಕೂತ. ಮೊದಲ ಟ್ರ್ಯಾಕ್ ಶುರುವಾದ ಕೂಡಲೇ ಇಬ್ಬರೂ ಎದ್ದರು, ನಾನು ಕೇಳಿಕೊಂಡಿರಲಿಲ್ಲ. ಖುಷಿಯಾಯಿತು.

ಕಾಲು ಎತ್ತಿದರು. ನಿಂತರು. ಮತ್ತೆ ಎತ್ತಿದರು. ಚಾಚಾ ತಮ್ಮ ಕಾಲನ್ನೇ ನೋಡಿಕೊಂಡರು, ಅದು ಬೇರೆ ಯಾರದೋ ಅನ್ನುವ ಹಾಗೆ. ಎರಡನೇ ಟ್ರ್ಯಾಕು. ಅದೇ. ಮೂರನೆಯದಕ್ಕೆ ಇಬ್ಬರೂ ಕೂತುಬಿಟ್ಟರು.

ಒಂಬತ್ತೂ ಕೇಳಿದ ಮೇಲೆ ಅಪ್ಪ ಹೇಳಿದ್ದು — “ಭಾಳ ಚಲೋ ಬಾರ್ಸಿದಿ, ಯವ್ವಾ. ಆದ್ರ ಇದಕ್ಕ ಕುಣ್ಯಾಕ ಬರಂಗಿಲ್ಲ. ನನ್ನ ಹೆಸ್ರು ಹಾಕಬ್ಯಾಡ.”

“ಏನ್ ತಪ್ಪೈತಿ ಹೇಳಪ್ಪಾ.”

“ಏನಂತ ಹೇಳ್ಲಿ? ಕಾಲು ಒಪ್ಪವಲ್ದು.”

ಅವನಿಗೆ ಗೊತ್ತಿಲ್ಲ ಎಂದಲ್ಲ. ಹೇಳಲು ಬರುವುದಿಲ್ಲ. ಕಾಲಿಗೆ ಗೊತ್ತಿರುವುದನ್ನು ಬಾಯಿಗೆ ಯಾರು ತಿಳಿಸಬೇಕು?

ಫೆಬ್ರವರಿ 3

ಎಂಟು ದಿನ ಈ ಪುಸ್ತಕ ಮುಟ್ಟಲಿಲ್ಲ.

ನಿಧಾನ ಮಾಡಿ ನೋಡಿದೆ. ಜೋರು ಮಾಡಿ ನೋಡಿದೆ. ಮೆಟ್ರೊನೋಮ್ ತೆಗೆದು ನೋಡಿದೆ. ಪ್ರತಿ ಸಲ ಅಪ್ಪ ಕೇಳುತ್ತಾನೆ, ತಲೆ ಅಲ್ಲಾಡಿಸುತ್ತಾನೆ. ಬೈಯುವುದೂ ಇಲ್ಲ. ಬೈದಿದ್ದರೆ ಜಗಳವಾದರೂ ಆಡಬಹುದಿತ್ತು.

ನವೀದನಿಗೆ ಇದೆಲ್ಲ ಹುಚ್ಚಾಟ. “ಅಕ್ಕಾ, ಕೇಳೋರು ಕಾಲಿಂದ ಕೇಳ್ತಾರೇನ್ರಿ? ಯಾರಿಗ್ ಗೊತ್ತಾಗ್ತದ? ಅಪ್ಪಾರ ಹೆಸ್ರು ಬಿಟ್ಟು ಹಾಕಿಬಿಡ್ರಿ.”

ಯಾರಿಗೂ ಗೊತ್ತಾಗುವುದಿಲ್ಲ, ನಿಜ. ಆದರೆ ಕುಣಿಯಲು ಬಾರದ ಕುಣಿತದ ಹಾಡನ್ನು ಹಂಚಿ ನಾನೇನು ಸಾಧಿಸಲಿ? ಇಲ್ಲ. ಸರಿ ಮಾಡಿಯೇ ಬಿಡುತ್ತೇನೆ.

ಫೆಬ್ರವರಿ 6, ಬೆಳಿಗ್ಗೆ

ಅವ್ವ ಕೆಲಸಕ್ಕೆ ಹೊರಡುವ ಮೊದಲು ರೊಟ್ಟಿ ಬಡಿಯುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ಅವಳಿಗೂ ಕೇಳಿಸಿದೆ.

“ನನಗಂತೂ ಖರೇವಂದ್ರ ಮೊದ್ಲಿನಂಗ ಕೇಳ್ತೈತಿ,” ಅಂದಳು. “ಏನೂ ತಪ್ಪಿಲ್ಲ.” ಆಮೇಲೆ ರೊಟ್ಟಿ ತಿರುವುತ್ತ, “ಆದ್ರ ನಾವು ಹೆಣ್ಮಕ್ಕಳು ಹೊರಗ ನಿಂತು ಕೇಳಿದವ್ರು. ಒಳಗ ಹೆಂಗ ಇರ್ತದೋ, ನಮಗೇನ್ ಗೊತ್ತು.”

ತಿನ್ನುತ್ತಿದ್ದ ರೊಟ್ಟಿ ಅರ್ಧಕ್ಕೆ ಬಿಟ್ಟು ಎದ್ದೆ. ಅವ್ವನ ಕಿವಿಗೆ ಸರಿ, ಅಪ್ಪನ ಕಾಲಿಗೆ ತಪ್ಪು. ಅಂದರೆ ತಪ್ಪು ಇರುವುದು ದುಂಡಿನ ಒಳಗೆ. ನಾನು ಯಾವತ್ತೂ ಕುಣಿಯದ ಕಡೆ.

ಭಾನುವಾರ ಗೆಜ್ಜೆ ಕಟ್ಟುತ್ತೇನೆ. ಯಾರೇ ಏನೇ ಅನ್ನಲಿ.

ಫೆಬ್ರವರಿ 9, ಭಾನುವಾರ, ಸಂಜೆ 6

ಕ್ರಮವಾಗಿ ಬರೆಯಬೇಕು.

ಅಪ್ಪನ ಟ್ರಂಕಿನಿಂದ ಗೆಜ್ಜೆ ತೆಗೆದು ಕಟ್ಟಿಕೊಂಡು ಅಂಗಳಕ್ಕೆ ಬಂದೆ. ಗೋಪಪ್ಪ ಕಾಕಾ ಮುಖ ಗಂಟಿಕ್ಕಿದರು.

“ನಮ್ಮ ಮ್ಯಾಳದಾಗ ಹೆಣ್ಮಕ್ಕಳು ಕುಣಿದಿಲ್ಲ, ತಂಗಿ.”

“ಗೊತ್ತೈತ್ರಿ ಕಾಕಾ. ನನ್ನ ಉಸುಕಿನ ಮ್ಯಾಲ ಕುಂದ್ರಿಸಿದವ್ರು ನೀವ. ಅಲ್ಲಿಂದ ಕೇಳಿದ್ದನ್ನ ಬಾರ್ಸೇನಿ. ತಪ್ಪಾಗೈತಿ ಅಂತೀರಿ. ತಪ್ಪು ನನ್ನೊಬ್ಬಾಕಿದೇನ್ರಿ?”

ಕಾಕಾ ಅಪ್ಪನ ಕಡೆ ನೋಡಿದರು. ಅಪ್ಪ ನೆಲ ನೋಡಿದ. ಆಗ ಚಾಚಾ ಬೀಡಿ ಆರಿಸಿ ಎದ್ದರು.

“ಗೋಪಪ್ಪ, ಇಬ್ರ ನಿಂತ್ರ ದುಂಡು ಆಗ್ತದೇನ್? ಎದುರಾಬದುರು ಆಗ್ತದ, ಅಷ್ಟ. ದುಂಡಿಗೆ ಮೂರ್ ಮಂದಿ ಬೇಕು.” ನನಗೆ, “ಬಾ ಬೇಟಿ, ಜಾಗಾ ಐತಿ.”

ಲೆಕ್ಕಕ್ಕೆ ಎದುರಾಡಲು ಕಾಕಾನಿಗೂ ಆಗಲಿಲ್ಲ. ನಿಂತೆ. ಅಪ್ಪ ಬಕೆಟ್ ಮೇಲಿಂದ ದನಿ ತೆಗೆದ, ನಾನು ದನಿಯ ಜೊತೆಗೇ ಕಾಲು ಇಟ್ಟೆ. ಇಬ್ಬರಿಗೂ ಡಿಕ್ಕಿ ಹೊಡೆದೆ. ಮತ್ತೆ. ಮತ್ತೆ ಡಿಕ್ಕಿ.

ಅಪ್ಪ ಹಾಡು ನಿಲ್ಲಿಸಿದ. ಮಂಡಿ ಹಿಡಿದುಕೊಂಡು ನನ್ನ ಮುಂದೆ ನೆಲಕ್ಕೆ ಕೂತ. ನನ್ನ ಬಲಹಿಮ್ಮಡಿ ಕೈಯಲ್ಲಿ ಹಿಡಿದು ಮೇಲೆತ್ತಿ, ಮೆಲ್ಲಗೆ ನೆಲಕ್ಕೆ ಇಟ್ಟ. ಗೆಜ್ಜೆ ನುಡಿಯಲೇ ಇಲ್ಲ. ಆಮೇಲೆ, ಎರಡನೇ ಹೆಜ್ಜೆಗೆ, ದನಿ ತೆಗೆದ.

“ಮೊದಲ್ನೇ ಹೆಜ್ಜಿ ನೆಲಕ್ಕ, ಯವ್ವಾ. ನಿನ್ನ ಮ್ಯಾಲ ಕುಣೀತೀವಿ ಅಂತ ಕೇಳಿ ಇಡೂದು. ಅದಕ್ಕ ಗೆಜ್ಜಿ ನುಡೀಬಾರ್ದು, ದನೀನೂ ಇರಬಾರ್ದು. ನಮ್ಮ ಗುರು ಸಂಗಣ್ಣ ಹಂಗ ಕಲಿಸಿದ್ದು.”

ಅದು ಹೊರಗೆ ಕೇಳುವುದೇ ಇಲ್ಲ! ಹೇಗೆ ಕೇಳಬೇಕು? ಉಸುಕಿನ ಮೇಲೆ ಕೂತವಳಿಗೆ ಹಾಡು ದನಿಯಿಂದ ಶುರು. ಅದನ್ನೇ ಒಂದು ಎಂದು ಎಣಿಸಿದೆ. ಅವರಿಗೆ ಅದು ಎರಡು. ಒಂಬತ್ತು ಟ್ರ್ಯಾಕಿನಲ್ಲೂ ಒತ್ತು ಪೂರ್ತಿ ಒಂದು ಹೆಜ್ಜೆ ಆಚೆ ಬಿದ್ದಿದೆ. ಇಪ್ಪತ್ತು ವರ್ಷದಿಂದ ತಪ್ಪು ಎಣಿಸುತ್ತಿದ್ದೇನೆ.

ನಗು ಬಂತು. ಅಳುವೂ ಬಂತು. ಅಪ್ಪನ ಕೈ ಇನ್ನೂ ಹಿಮ್ಮಡಿಯ ಮೇಲಿತ್ತು.

ಫೆಬ್ರವರಿ 10

ನವೀದನಿಗೆ ಹೇಳಿದೆ, ಎಲ್ಲ ಹೊಸದಾಗಿ.

“ಎಲ್ಲಾ ಅಂದ್ರ?”

“ಒಂಬತ್ತೂ.”

ತಲೆ ಹಿಡಿದು ಕೂತ. ನಿಂತು ನುಡಿಸುತ್ತೇನೆ ಅಂದೆ. ಬಲಗಾಲಿಗೆ ಗೆಜ್ಜೆ ಇರುತ್ತದೆ ಅಂದೆ. ಗೆಜ್ಜೆ ಮೈಕಿಗೆ ಬರುತ್ತದೆ ಅಂದ. ಬರಲಿ. ಪ್ರತಿ ಹಾಡಿನ ಮುಂದೆ ಒಂದು ಹೆಜ್ಜೆಯಷ್ಟು ಖಾಲಿ ಇರುತ್ತದೆ, ಕತ್ತರಿಸಬೇಡ ಅಂದೆ.

“ಖಾಲಿ ಇದ್ರ ಫೈಲ್ ಹಾಳಾಗೇತಿ ಅಂತಾರ, ಅಕ್ಕಾ.”

“ಅನ್ನಲಿ.”

ಫೆಬ್ರವರಿ 21

ಐದಾದವು. ಹಿಮ್ಮಡಿ ಊದಿದೆ. ಗಿಟಾರ್ ನುಡಿಸುವವಳಿಗೆ ಬೆರಳು ಬಿಟ್ಟು ಕಾಲು ನೋಯುವುದು ಅಂದರೇನು? ಹೋಟೆಲಿನಲ್ಲಿ ಚಪ್ಪಲಿ ಬಿಚ್ಚಿ ಕೂತೆ, ಮ್ಯಾನೇಜರ್ ಹುಬ್ಬೇರಿಸಿದ. ಕಾಲನ್ನು ಗಿಟಾರಿನ ಚೀಲದ ಹಿಂದೆ ಮುಚ್ಚಿಕೊಂಡೆ.

ಮೊದಲ ರೆಕಾರ್ಡಿಂಗ್ ಮತ್ತೆ ಕೇಳಿದೆ. ಅಚ್ಚುಕಟ್ಟು. ಆದರೆ ಕಾಲಿಲ್ಲ. ಇದರಲ್ಲಿ ತಪ್ಪುಗಳಿವೆ, ಉಸಿರು ಕೇಳುತ್ತದೆ, ಗೆಜ್ಜೆ ಎರಡು ಕಡೆ ಕೆಟ್ಟದಾಗಿ ನುಡಿದಿದೆ. ಇರಲಿ.

ಮಾರ್ಚ್ 2, ಭಾನುವಾರ

ಸ್ಪೀಕರ್ ಅದೇ, ಅಂಗಳ ಅದೇ, ಬಕೆಟ್ ಅದೇ.

ಈ ಸಲ ಯಾರೂ ಎದ್ದಿರಲಿಲ್ಲ. ಬಟನ್ ಒತ್ತಿದೆ. ಖಾಲಿ. ಆ ಖಾಲಿಯಲ್ಲೇ ಗೋಪಪ್ಪ ಕಾಕಾನ ಬಲಗಾಲು, ಕೂತಲ್ಲೇ, ಎದ್ದು ನೆಲಕ್ಕೆ ಇಳಿಯಿತು. ಅವರಿಗೇ ಗೊತ್ತಾಗಲಿಲ್ಲ, ನಾನು ನೋಡಿದೆ. ಎರಡನೇ ಟ್ರ್ಯಾಕಿಗೆ ಇಬ್ಬರೂ ಎದ್ದರು. ನಾಲ್ಕನೆಯದಕ್ಕೆ ಅವ್ವ ಬಾಗಿಲಿಗೆ ಬಂದು ನಿಂತಳು. ಒಂಬತ್ತೂ ಮುಗಿಯುವ ತನಕ ಇಬ್ಬರು ಮುದುಕರು ಕೂರಲಿಲ್ಲ.

ಅಪ್ಪ ಚಹಾ ಕುಡಿದ. ಹೇಗಿತ್ತು ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ಕೇಳಿ ಹೇಳುತ್ತೇನೆ ಅಂದವನು ಅವನು.

ಮಾರ್ಚ್ 9, ಭಾನುವಾರ, ಸಂಜೆ 5

ನವೀದ ಕವರಿಗೆ ಎಲ್ಲರ ಹೆಸರು ಕೇಳಿದ್ದಾನೆ, ಇವತ್ತೇ ಬೇಕಂತೆ. ಪೆನ್ನು ಹಿಡಿದು ಕೂತಿದ್ದೆ. ಅಪ್ಪ ಕುಂಟುತ್ತ ಬಂದು ಪಕ್ಕದಲ್ಲಿ ಕೂತ.

“ಬರ್ಕೊ,” ಅಂದ.

ಬರೆದುಕೊಂಡೆ. ಗುರು: ಸಂಗಣ್ಣ. ಹೆಜ್ಜೆ: ಪರಮಣ್ಣ, ಗೋಪಪ್ಪ, ಅಬ್ದುಲಗನಿ. ಅವನೇ ತನ್ನ ಹೆಸರು ಹೇಳಿದ! ನಾನು ತಲೆ ಎತ್ತಲಿಲ್ಲ, ಎತ್ತಿದ್ದರೆ ಅತ್ತುಬಿಡುತ್ತಿದ್ದೆ. ಕೆಳಗೆ ಒಂದು ಸಾಲು ಬಿಟ್ಟು ಬರೆದೆ, ಗಿಟಾರ್: ಜಯಶ್ರೀ.

“ಓದು.”

ಓದಿದೆ.

“ನೀ ಯಾಕ ಕೆಳಗ ಕುಂತಿ? ಮ್ಯಾಲ ಬರಿ. ಹೆಜ್ಜಿ ಹಾಕಿದವ್ರ ಸಾಲಿನ್ಯಾಗ.”

ಹೊಡೆದುಹಾಕಿ ಮೇಲೆ ಬರೆದೆ. ಅಬ್ದುಲಗನಿ ಆದಮೇಲೆ ನಾನು. ಜಾಗ ಸಾಲದೆ ಅಕ್ಷರ ಸಣ್ಣದಾಯಿತು. ಅಪ್ಪ ಬೆರಳಿಟ್ಟು ನಾಲ್ಕೂ ಹೆಸರು ಎಣಿಸಿ ಎದ್ದುಹೋದ.

ಅಂಗಳದಿಂದ ಯಾರೋ ಕರೆಯುತ್ತಿದ್ದಾರೆ. ಗೋಪಪ್ಪ ಕಾಕಾ. “ತಂಗೀ, ಎಟ್ಟೊತ್ತು? ಇಬ್ರ ನಿಂತೇವಿ, ದುಂಡು ಆಗವಲ್ದು.”

ಗೆಜ್ಜೆ ಎಲ್ಲಿಟ್ಟೆ... ಗಿಟಾರಿನ ಚೀಲದಲ್ಲಿ—